ಕಣ್ಣಿಗೆ ರಾಚುವ ತಲೆಬರಹ

ಆಫೀಸಿನ ಹಿಂದಿನ ಮೆಟ್ಟಿಲು,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಅವತ್ತು ಬಿಸಿಲಲ್ಲಿ ಅಲೆದು ಬಂದ ಜ್ವರ ಬಿಟ್ಟಿತಾ? ಈ ಪತ್ರವನ್ನು ಹಾಸ್ಟೆಲಿನ ಗೆಳತಿಯರಿಂದ ಓದಿಸಬೇಡ. ನಿನ್ನ ಕಂಪ್ಯೂಟರೇ ಓದಿ ಹೇಳಲಿ ಎಂದು ಟೈಪ್ ಮಾಡಿ ಕಳಿಸುತ್ತಿದ್ದೇನೆ. ಅದರ ಸಪ್ಪೆ ದನಿಯಲ್ಲಿ ನನ್ನ ಸಿಟ್ಟು ಕೇಳಿಸುತ್ತದೋ ಇಲ್ಲವೋ.

ಲೈಬ್ರರಿ ಕೆಲಸದ ಪರೀಕ್ಷೆ ತಪ್ಪಿಹೋದದ್ದನ್ನು ನೀನು ಫೋನಿನಲ್ಲಿ ನಗುನಗುತ್ತಾ ಹೇಳಿದೆ. ಹಳೆಯ ಕೇಂದ್ರದ ಗೇಟಿನಲ್ಲಿ ವಾಚ್‌ಮನ್, "ಜಾಗ ಬದಲಾಗಿದೆ ಅಂತ ವೆಬ್‌ಸೈಟಲ್ಲಿ ಕಣ್ಣಿಗೆ ರಾಚೋ ಹಾಗೆ ಹಾಕಿದ್ದಾರಲ್ಲಮ್ಮಾ, ನೋಡ್ಲಿಲ್ವಾ?" ಅಂದನಂತೆ. ನೀನು ಬಿಳಿ ಕೋಲು ಎತ್ತಿ ತೋರಿಸಿದ ಮೇಲೆ ಪಾಪ, ತಬ್ಬಿಬ್ಬಾದನಂತೆ. ನನಗೆ ನಗು ಬರಲಿಲ್ಲ ಕಣಕ್ಕಾ. ಆ ಪುಟ ಮಾಡಿದ್ದು ನಮ್ಮ ಆಫೀಸು.

ನಾನು ಮೊದಲು ಕಟ್ಟಿದಾಗ ಪುಟದ ಮೇಲ್ಭಾಗಕ್ಕೆ ಹೆಡರ್ ಅಂತಲೇ, ತಲೆಬರಹಕ್ಕೆ ತಲೆಬರಹ ಅಂತಲೇ ಒಳಗೆ ಗುರುತು ಹಾಕಿದ್ದೆ. ಆಗ ನೀನು ಒಂದು ಕೀ ಒತ್ತಿದರೆ ಸಾಕು, ಕಂಪ್ಯೂಟರ್ ನೇರ ಅಲ್ಲಿಗೇ ಹೋಗಿ ಓದುತ್ತದೆ. ನಮ್ಮ ಸೀನಿಯರ್ ಅದನ್ನೆಲ್ಲ ಕಿತ್ತುಹಾಕಿ, ಹೆಸರಿಲ್ಲದ ಡಬ್ಬಿಗಳಲ್ಲಿ ದಪ್ಪ ಕೆಂಪು ಅಕ್ಷರ ತುಂಬಿದ. "ಕಾಣೋಕೆ ಎರಡೂ ಒಂದೇ ಅಲ್ವೇನಮ್ಮಾ, ಕವಯಿತ್ರಿ?" ಅಂದ, ನಾನು ಪದ್ಯ ಬರೆಯುವುದನ್ನು ಆಡಿಕೊಳ್ಳುತ್ತಾ. ಎಲ್ಲರೂ ನಕ್ಕರು. ನಾನು ಎಂದಿನಂತೆ ತಲೆ ತಗ್ಗಿಸಿ ಮುಂದಿನ ಕೆಲಸಕ್ಕೆ ಕೂತೆ. ಆಮೇಲೆ ಜಾಗ ಬದಲಾದ ಸೂಚನೆಯನ್ನೂ ಅಂಥದೇ ಡಬ್ಬಿಗೆ ತುರುಕಿದರು. ನಿನಗೆ "ತಲೆಬರಹಗಳಿಲ್ಲ" ಎಂದಷ್ಟೇ ಕೇಳಿಸಿತು. ಹೊಸ ಸೂಚನೆಯೇನೂ ಇಲ್ಲ ಅಂದುಕೊಂಡು ನೀನು ಹಳೆಯ ಕೇಂದ್ರಕ್ಕೇ ಹೋದೆ.

ಇವತ್ತು ಅವನ ಪರದೆ ಆರಿಸಿ, ಹೆಡ್‌ಫೋನ್ ಕೈಗಿಟ್ಟು, "ಪರೀಕ್ಷೆ ಎಲ್ಲಿ ಅಂತ ಹುಡುಕಿ ಸಾರ್" ಅಂದೆ. ಲಿಂಕ್, ಲಿಂಕ್, ಚಿತ್ರ, ಲಿಂಕ್ ಎಂದು ಕಂಪ್ಯೂಟರ್ ಗೊಣಗುತ್ತಲೇ ಹೋಯಿತು. ಅವನು ಹೆಡ್‌ಫೋನ್ ಕಿತ್ತಿಟ್ಟು, "ಇಂಥವರು ಎಷ್ಟು ಜನ ಬರ್ತಾರೆ ಬಿಡು" ಅಂದ. "ನಮ್ಮಕ್ಕ ಬಂದಿದ್ಲು" ಅಂದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಮೇಜುಗಳವರು ತಿರುಗಿ ನೋಡಿದರು. ಅವನು ಮಾತ್ರ, "ಹೋಗಿ ಟೀ ಕುಡಿದು ಬಾ" ಅಂದ. ಟೀಯಂತೆ ಟೀ!

ಅಮ್ಮ ಚೆನ್ನಾಗಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಹೇಳಲು ಹೇಳಿದ್ದಾಳೆ.

ನಿನ್ನ ಗುಮ್ಮನಗುಸುಕಿ ತಂಗಿ

ತಾ.ಕ.: ಪರೀಕ್ಷೆ ಇನ್ನೊಮ್ಮೆ ನಡೆಸಿ ಎಂದು ನಿನ್ನ ಹೆಸರಿನಲ್ಲಿ ಅರ್ಜಿ ಬರೆದಿದ್ದೇನೆ. ತಪ್ಪು ನಮ್ಮ ಪುಟದ್ದು ಎಂದು ಕೆಳಗೆ ನಾನೇ ಸಹಿ ಹಾಕಿದ್ದೇನೆ. ಕೆಲಸ ಹೋದರೆ ಹೋಗಲಿ. ಇನ್ನು ನಿನ್ನ ಸಹಿಯೊಂದು ಬೇಕು. "ಹೋಗ್ಲಿ ಬಿಡೇ" ಅನ್ನಬೇಡ. ನೀನು ನಕ್ಕು ಸುಮ್ಮನಾದದ್ದು ಸಾಕು. ಇದೊಂದು ಸಲ ಸಿಟ್ಟು ಮಾಡಿಕೊಂಡು ಸಹಿ ಹಾಕಕ್ಕಾ.