ಬಳೆ ಬಿಚ್ಚುವ ಪಾಠ

ಅಂತರಸಂತೆ
ಡಿಸೆಂಬರ್ ೨೦೦೪

ಪ್ರೀತಿಯ ಪುಟ್ಟಮಾದಮ್ಮ,

ನಾನು ಕಣೆ, ನಿನ್ನ ಸಿಸ್ಟರಮ್ಮ. ಆಸ್ಪತ್ರೆಯ ಆಯಾ ಕೆಲಸ ಬಿಟ್ಟು ಎನ್. ಬೇಗೂರಿನ ತವರು ಸೇರಿದ ಮೇಲೆ ನೀನು ಒಂದು ಮಾತೂ ಹೇಳಿ ಕಳಿಸಲಿಲ್ಲ. ನಾನು ಕಾಯಲಿಲ್ಲ ಅಂದರೆ ಸುಳ್ಳಾಗುತ್ತದೆ. ನೀನೇ ಓದಬೇಕು ಅಂತ ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ, ಬೇರೆ ಯಾರ ಕೈಲೂ ಓದಿಸಬೇಡ. ಕೂಡಿಸಿ ಕೂಡಿಸಿ ಓದು, ಅವಸರವೇನಿಲ್ಲ.

ಸುಸ್ತಾಗಿದ್ದೇನೆ. ವಯಸ್ಸಿನ ಸುಸ್ತಲ್ಲ, ಹೇಳಿದ್ದನ್ನೇ ಹೇಳುವ ಸುಸ್ತು. ನಮ್ಮದು ನಾಲ್ಕು ದಿನ ಮಲಗಿ ಎದ್ದು ಹೋಗುವವರ ಆಸ್ಪತ್ರೆಯಲ್ಲ. ಲಕ್ವ ಹೊಡೆದವರು, ಸೊಂಟ ಮುರಿದವರು, ಮನೆಯವರು ನೋಡಿಕೊಳ್ಳಲಾರದೆ ತಂದು ಬಿಟ್ಟವರು ವರ್ಷಗಟ್ಟಲೆ ಮಲಗಿರುತ್ತಾರೆ. ಮಲಗಿ ಮಲಗಿ ಬೆನ್ನು ಹುಣ್ಣಾಗುತ್ತದೆ. ಒಬ್ಬರ ಕೀವು ಇನ್ನೊಬ್ಬರ ಹುಣ್ಣಿಗೆ ತಾನಾಗಿ ನಡೆದು ಹೋಗುವುದಿಲ್ಲ, ನಮ್ಮ ಕೈ ಹತ್ತಿ ಹೋಗುತ್ತದೆ. ಮೈಸೂರಿಗೆ ಹೋಗಿ ನಾನು ಕಲಿತು ಬಂದದ್ದು ಇಷ್ಟೇ. ಅದನ್ನೇ ಆಯಾಗಳನ್ನು ನಲ್ಲಿಯ ಮುಂದೆ ನಿಲ್ಲಿಸಿಕೊಂಡು ಹೇಳಿದ್ದೇ ಹೇಳಿದ್ದು. ಸೋಪು ಹಚ್ಚಿ, ಬೆರಳ ಸಂದಿ ಉಜ್ಜಿ, ಮಣಿಕಟ್ಟಿನವರೆಗೆ ತೊಳೆಯಿರಿ. ಮಣಿಕಟ್ಟು ಅಂದ ಕೂಡಲೇ ಎಲ್ಲರ ಕೈಯೂ ಬೆನ್ನ ಹಿಂದೆ ಹೋಗುತ್ತಿತ್ತು. ಅಲ್ಲಿ ಗಾಜಿನ ಬಳೆ, ಬಳೆಯ ಕೆಳಗೆ ಸೋಪು ಮುಟ್ಟದ ಕೊಳೆ.

ಬಳೆ ಬಿಚ್ಚಿ ಅಂದೆ ನೋಡು, ಭಾಗ್ಯಮ್ಮ ಹೌಹಾರಿದಳು. "ಗಂಡ ಇರೋರು ಬರಿಗೈಲಿ ನಿಂತ್ಕೊಳದಾ? ಒಳ್ಳೆ ಮಾತಾಡ್ತೀರಿ ಬುಡಿ." ನಾನೂ ಬಳೆ ತೆಗೆದಿಟ್ಟೇ ವಾರ್ಡಿಗೆ ಬರುವುದು, ನಮ್ಮ ಯಜಮಾನರು ಕೆ.ಆರ್. ನಗರದಲ್ಲಿ ಗುಂಡುಕಲ್ಲಿನ ಹಾಗಿದ್ದಾರೆ ಅಂದೆ. "ನಿಮ್ದು ಬ್ಯಾರೆ ಕಣ್ರವ್ವಾ, ನೀವು ಸಿಸ್ಟ್ರು" ಅಂದಳು. ಬಿಳಿ ಸೀರೆಯವಳ ಗಂಡನಿಗೆ ಯಮ ಏನೋ ರಿಯಾಯಿತಿ ಕೊಡುತ್ತಾನೆ ಅಂತ ಅವಳ ಲೆಕ್ಕ.

ಆಗ ಮುಂದೆ ಬಂದವಳು ನೀನೊಬ್ಬಳೇ. "ಯಶೋದಮ್ಮನ ಬೆನ್ನು ವಾಸಿಯಾಯ್ತದೆ ಅಂದ್ರೆ ಬುಚ್ತೀನಿ ಕಣವ್ವಾ" ಅಂದು ಹಸಿರು ಬಳೆಗಳನ್ನು ಬಿಚ್ಚಿ ಕಿಟಕಿಯ ಮೇಲಿಟ್ಟೆ. ಒಂದು ಪಕ್ಕ ಪೂರ್ತಿ ಬಿದ್ದುಹೋಗಿದ್ದ ಯಶೋದಮ್ಮನ ಬೆನ್ನಿನಲ್ಲಿ ಮುಷ್ಟಿ ಹಿಡಿಯುವಷ್ಟು ಹುಣ್ಣಿತ್ತು. ನೀನು ದಿನಾ ತೊಳೆದೆ, ಹೊರಳಿಸಿದೆ, ಬಟ್ಟೆ ಬದಲಿಸಿದೆ. ಹೋದ ವರ್ಷದ ದೀಪಾವಳಿ ಹೊತ್ತಿಗೆ ಕೆಂಪು ಮಾಂಸ ತುಂಬಿ ಬಂತು. ಎಲ್ಲರೂ ನನ್ನ ಟ್ರೈನಿಂಗನ್ನು ಹೊಗಳಿದರು. ನಿನ್ನನ್ನು ಯಾರೂ ಹೊಗಳಲಿಲ್ಲ, ನನಗೆ ಅದರ ಮೇಲೆ ಇವತ್ತಿಗೂ ಸಿಟ್ಟಿದೆ.

ಈ ಬೇಸಗೆಯಲ್ಲಿ ದೇವಯ್ಯ ಹೋದ. ನಿನ್ನ ಗಂಡನ ಲಿವರನ್ನು ಸಾರಾಯಿ ತಿಂದುಹಾಕಿತ್ತು, ಡಾಕ್ಟರು ಮುಂಚೆಯೇ ಹೇಳಿದ್ದರು, ಊರಿಗೆಲ್ಲ ಗೊತ್ತಿತ್ತು. ಸುದ್ದಿ ಬಂದಾಗ ನೀನು ವಾರ್ಡಿನಿಂದ ಹಾಗೇ ಓಡಿದೆ, ಹಿಂದೆಯೇ ನಾನೂ ಬಂದೆ. ಬಳೆ ಒಡೆಯಲು ಬಂದ ಹೆಂಗಸರು ನಿನ್ನ ಬರಿಗೈ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಮೊದ್ಲೇ ಬುಚ್ಚಿ ಕುಂತವ್ಳೆ, ಇನ್ನೆಂಗ್ ಉಳಿದಾನು ನನ್ ಮಗ" ಅಂತ ನಿನ್ನ ಅತ್ತೆ ಎದೆ ಬಡಿದುಕೊಂಡಳು. ಆಮೇಲೆ ಅಂಗಡಿಯಿಂದ ಬಳೆ ತರಿಸಿದರು. ಒಡೆಯುವುದಕ್ಕೋಸ್ಕರ ತೊಡಿಸಿದರು. ತೊಡಿಸಿ, ಹೆಣದ ಮುಂದೆ ಕಲ್ಲಿಗೆ ಕುಟ್ಟಿ ಒಡೆದರು. ಮಣಿಕಟ್ಟಿನಲ್ಲಿ ರಕ್ತ ಬಂತು. ನೀನು ಅಳಲಿಲ್ಲ, ನನ್ನ ಕಡೆ ತಿರುಗಿ ಹೇಳಿದೆ: "ನಾನೇ ಕೊಂದೆ ಕಣವ್ವಾ."

ಅಷ್ಟು ಜನರ ನಡುವೆ ನನಗೆ ಬಾಯಿ ಬರಲಿಲ್ಲ. ಇದು ಕ್ಷಮೆ ಕೇಳುವ ಕಾಗದವಲ್ಲ. ನಾಳೆಯೂ ಬಳೆ ಬಿಚ್ಚಿ ಅಂತಲೇ ಹೇಳುವವಳು ನಾನು. ಆದರೆ ಆ ಮಾತನ್ನು ನೀನು ಗಂಟು ಕಟ್ಟಿಕೊಂಡು ತವರಿಗೆ ಹೋದೆಯಲ್ಲ, ಅದು ನನಗೆ ಊಟ ಸೇರದ ಹಾಗೆ ಮಾಡಿತು.

ನೀನು ಹೋದ ಮೇಲೆ ನಲ್ಲಿಯ ಹತ್ತಿರ ಯಾರೂ ಬಳೆ ಬಿಚ್ಚಲಿಲ್ಲ. "ಪುಟ್ಟಮಾದಮ್ಮನ ಗತಿ ನಮ್ಗೂ ಬೇಕಾ?" ಅಂತ ನನ್ನನ್ನೇ ಕೇಳಿದರು. ಗದರಿದೆ, ಬೇಡಿಕೊಂಡೆ, ಏನೂ ನಡೆಯಲಿಲ್ಲ. ಹೆಂಗಸರ ವಾರ್ಡಿನಲ್ಲಿ ಮತ್ತೆ ಕೀವಿನ ವಾಸನೆ ಶುರುವಾಯಿತು. ಯಶೋದಮ್ಮನ ಬೆನ್ನು ಮತ್ತೆ ಬಾಯಿ ಬಿಟ್ಟಿತು.

ಯಶೋದಮ್ಮ ಮಂಚದ ಮೇಲಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳಲ್ಲ, ಒಂದು ಬೆಳಿಗ್ಗೆ ಪಾಠದ ಮಧ್ಯೆ ಕೂಗಿದಳು. "ಸಿಸ್ಟ್ರವ್ವಾ, ನನ್ ಬಳೆ ಬುಚ್ಚು. ನನ್ ಗಂಡ ಏನಾಯ್ತಾನೋ ಎಲ್ರೂ ನೋಡ್ಲಿ." ಪಿರಿಯಾಪಟ್ಟಣದ ಕಡೆಯ ಅವಳ ಗಂಡ ದೊಡ್ಡಬೀರಯ್ಯ ನಿನಗೆ ನೆನಪಿರಲಿಕ್ಕಿಲ್ಲ. ಆ ಪುಣ್ಯಾತ್ಮ ಅವಳನ್ನು ತಂದು ಮಲಗಿಸಿ ಹೋದವನು ಮತ್ತೆ ತಲೆ ಹಾಕಿರಲಿಲ್ಲ. ಸೋಪಿನ ನೊರೆ ಹಚ್ಚಿ ಒಂದೊಂದೇ ಬಳೆ ಜಾರಿಸಿದೆ. ಭಾಗ್ಯಮ್ಮ ಗಲ್ಲ ಗಲ್ಲ ಬಡಿದುಕೊಂಡಳು.

ಸುದ್ದಿ ಬಸ್ಸಿಗಿಂತ ಮುಂಚೆ ಊರು ಮುಟ್ಟಿರಬೇಕು. ಮುಂದಿನ ವಾರವೇ ದೊಡ್ಡಬೀರಯ್ಯ ಏದುಸಿರು ಬಿಡುತ್ತಾ ಬಂದ, ಟವೆಲಿನಲ್ಲಿ ಹೊಸ ಬಳೆ ಸುತ್ತಿಕೊಂಡು. "ನನ್ನ ಸಾಯಿಸ್ಬೇಕು ಅಂತಿದ್ದೀಯೇನಮ್ಮೀ? ಆಕ್ಕೊ!" ಅಂದ. "ಇಲ್ಲೇ ಇದ್ದು ದಿನಾ ಒಂದ್ ಲೋಟ ನೀರು ಕುಡ್ಸು, ಆಮೇಕೆ ನೋಡಾನ" ಅಂದಳು ಇವಳು. ವಾರ್ಡಿಗೆ ವಾರ್ಡೇ ನಕ್ಕಿತು. ನೀನು ಹೋದ ಮೇಲೆ ನಾನು ನಕ್ಕದ್ದು ಅವತ್ತೇ.

ಪ್ರಾಣಭಯವೋ ಏನೋ, ಅವನು ಉಳಿದ. ನೀರು ಕುಡಿಸಿದ, ಬರಬರುತ್ತಾ ತಲೆ ಬಾಚುವುದನ್ನೂ ಕಲಿತ. ಆಸ್ಪತ್ರೆಯ ಮುದ್ದೆ ಉಂಡು ಮೈಯೂ ತುಂಬಿಕೊಂಡ. ಭಾಗ್ಯಮ್ಮ ದಿನಾ ಬೆಳಿಗ್ಗೆ ಅವನನ್ನು ಅಡಿಯಿಂದ ಮುಡಿವರೆಗೆ ನೋಡುತ್ತಿದ್ದಳು. ಒಂದು ದಿನ ಯಾರಿಗೂ ಏನೂ ಹೇಳದೆ ನಲ್ಲಿಯ ಹತ್ತಿರ ಹೋಗಿ ತನ್ನ ಬಳೆ ಬಿಚ್ಚಿಟ್ಟು ಕೈ ತೊಳೆದಳು. ಉಳಿದವರೂ ಒಬ್ಬೊಬ್ಬರಾಗಿ ಬಿಚ್ಚಿದರು.

ಯಶೋದಮ್ಮನ ಪಾಲಿಗೆ ಅದು ತಡವಾಗಿತ್ತು. ನಂಜು ರಕ್ತಕ್ಕೆ ಸೇರಿತ್ತು. ಹೋದ ಮಂಗಳವಾರ ಬೆಳಿಗ್ಗೆ, ಗಂಡನ ಕೈಯಿಂದ ನೀರು ಕುಡಿದು ಕಣ್ಣು ಮುಚ್ಚಿದಳು. ಮುತ್ತೈದೆ ಅಂತ ಕೈ ತುಂಬ ಬಳೆ ತೊಡಿಸಲು ಊರಿನವರು ತಯಾರಾದರು. ದೊಡ್ಡಬೀರಯ್ಯ ಬಿಡಲಿಲ್ಲ. "ಬ್ಯಾಡ ಅಂತ ಆಣೆ ಇಡಿಸ್ಕಂಡವ್ಳೆ, ಅಂಗೇ ಇರ್ಲಿ" ಅಂತ ಬಿಕ್ಕಿ ಬಿಕ್ಕಿ ಅತ್ತ. ಬರಿಗೈಯಲ್ಲೇ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಬದುಕಿರುವ ಗಂಡನ ಹೆಗಲ ಮೇಲೆ ಹೋದಳು ಕಣೆ.

ಭಾಗ್ಯಮ್ಮ ಅವಳ ಕಾಲು ಮುಟ್ಟಿ ಎದ್ದವಳು ನನ್ನ ಹತ್ತಿರ ಬಂದು ನಿಂತಳು. "ಅಂಗಾರೆ ಪುಟ್ಟಮಾದಮ್ಮ ಏನೂ ಮಾಡ್ನಿಲ್ಲ, ಅಲ್ವೇನವ್ವಾ?" ಅಂದಳು.

ಈ ಒಂದು ಮಾತು ನಿನಗೆ ಮುಟ್ಟಲಿ ಅಂತಲೇ ಇಷ್ಟುದ್ದ ಬರೆದೆ. ಅವತ್ತು ಹೆಣದ ಮುಂದೆ ನನ್ನ ಬಾಯಿಂದ ಬರದ ಉತ್ತರ ಅವಳ ಬಾಯಿಂದ ಬಂತು. ನಿನ್ನ ಕೆಲಸಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಬಂದರೆ ನನಗೆ ಸ್ವಲ್ಪ ಉಸಿರಾಡಲು ಆಗುತ್ತದೆ, ಬಾರದಿದ್ದರೆ ಬೇಜಾರಿಲ್ಲ. ಬರದೇ ಇದ್ದರೂ ಸರಿ, ಇನ್ನು ಮೇಲೆ ನಾನೇ ಕೊಂದೆ ಅಂತ ಮಾತ್ರ ಅನ್ನಬೇಡ. ನೀನು ಕೊಲ್ಲಲಿಲ್ಲ ಪುಟ್ಟಮಾದಮ್ಮ. ಒಬ್ಬಳನ್ನು ಒಂದು ವರ್ಷ ಬದುಕಿಸಿದೆ.

ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಕೈಗೆ ಇನ್ನು ಯಾರೂ ಹೆಸರಿಡದಿರಲಿ, ನೀನೂ ಸೇರಿ.

ನಿನ್ನವಳೇ ಆದ
ಸಿಸ್ಟರ್ ಸುನಂದಮ್ಮ