ಕಿವಿಗೆ ಸಿಕ್ಕ ನೋಟ್‌ಬುಕ್

2018 ಜೂನ್ 11, ಸೋಮವಾರ. ಸಂಜೆ 7

ರೈಲು ಹೊತ್ತಿಗೆ ಸರಿಯಾಗಿ ಮಂಜೇಶ್ವರಕ್ಕೆ ಬಂತು. ಆಫೀಸಿನಲ್ಲಿ ಇಡೀ ದಿನಕ್ಕೆ ಮೂರು ಕರೆ. ಒಂದು ರಾಂಗ್ ನಂಬರ್. ಹೊಸ ಮಷಿನ್ ಬಂದ ಮೇಲೆ ಜನ ತಾವೇ ನಂಬರ್ ಒತ್ತಿ ಬೇಕಾದವರ ಹತ್ತಿರ ಮಾತಾಡುತ್ತಾರೆ. ಹದಿನೈದು ವರ್ಷದಿಂದ ಟೆಲಿಫೋನ್ ಆಪರೇಟರ್ ಆಗಿರುವ ನಾನು ಈಗ ಸುಮ್ಮನೆ ಕೂತಿರುತ್ತೇನೆ.

ಮ್ಯಾನೇಜರ್ ಭುಜಂಗ ಸರ್ ಕರೆದರು. "ಡಾಟಾ ಸೆಕ್ಷನಲ್ಲಿ ಒಂದು ಸೀಟು ಉಂಟು ಜೋಯ್ಸ್. ಡಿಸೆಂಬರ್ ಒಳಗೆ ಪೈಥಾನ್ ಕೋಡಿಂಗ್ ಕಲಿತ ಸರ್ಟಿಫಿಕೇಟ್ ತರಬೇಕು. ಕಣ್ಣು ಕಾಣದೆ ಆಗ್ತದಾ?"

"ಆಗ್ತದೆ ಸರ್."

ಹೇಳಿಬಿಟ್ಟೆ. ಹೇಗೆ — ಗೊತ್ತಿಲ್ಲ.

ಜೂನ್ 24, ಆದಿತ್ಯವಾರ

ಕೋರ್ಸ್ ಸಿಕ್ಕಿತು. ಆನ್‌ಲೈನ್, ಕನ್ನಡದಲ್ಲಿ. ನಮ್ಮ ಜಿಲ್ಲೆಯ ಮಾಷ್ಟ್ರುಗಳೇ ಸೇರಿ ಮಾಡಿದ್ದು. ವಿಡಿಯೋ ಚೆನ್ನಾಗಿದೆ. ತೊಂದರೆ ನೋಟ್‌ಬುಕ್‌ನದ್ದು. ಹೆಸರು ನೋಟ್‌ಬುಕ್, ಆದರೆ ಅದು ವೆಬ್ ಪುಟ. ಪಾಠ, ಕೆಳಗೆ ಕೋಡ್ ಬರೆಯುವ ಚೌಕ, ಅದರ ಕೆಳಗೆ ಉತ್ತರ. ಮತ್ತೆ ಪಾಠ, ಮತ್ತೆ ಚೌಕ. ಕಣ್ಣಿದ್ದವರು ಸರಸರ ಇಳಿದು ಹೋಗುತ್ತಾರೆ. ಪುಟವನ್ನು ನನಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಹೇಳುವುದು ಇಷ್ಟು — "ಗ್ರಾಫಿಕ್. ಗ್ರಾಫಿಕ್. ಖಾಲಿ."

ಪಾಠದಲ್ಲಿ "ಕೆಳಗಿನ ಚಿತ್ರ ನೋಡಿ" ಎಂದಿದೆ. ಪುಟದ ಕೊನೆಯಲ್ಲಿದ್ದ ವಿಳಾಸಕ್ಕೆ ಮೇಲ್ ಹಾಕಿದೆ. ನೋಡಲು ಆಗುವುದಿಲ್ಲ, ಓದಿ ಹೇಳುವ ಹಾಗೆ ಮಾಡಿ, ಅಂತ. ಫೋನ್ ನಂಬರೂ ಹಾಕಿದೆ.

ಜೂನ್ 27

ಮೇಲ್‌ಗೆ ಉತ್ತರ ಬರಲಿಲ್ಲ, ಫೋನೇ ಬಂತು. ಈಶ್ವರಪ್ರಸಾದ ಅಂತೆ. ಪೈವಳಿಕೆ ಕಡೆಯ ಶಾಲೆಯಲ್ಲಿ ಕಂಪ್ಯೂಟರ್ ಮಾಷ್ಟ್ರು. ನೋಟ್‌ಬುಕ್ ಬರೆದವರು ಅವರೇ.

"ಅಕ್ಕ, ಈ ಆಲೋಚನೆಯೇ ಬರಲಿಲ್ಲ ನನಗೆ. ಎಂತ ಮಾಡ್ಬೇಕು ಹೇಳಿ."

ಒಂದು ಗಂಟೆ ಹೇಳಿದೆ. ಅವರು ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು.

ಜುಲೈ 15, ಆದಿತ್ಯವಾರ

ಮೂರು ಪಾಠ ತಿದ್ದಿ ಕಳಿಸಿದ್ದಾರೆ. ಚಿತ್ರಗಳಿಗೆ ಈಗ ಮಾತು ಬಂದಿದೆ. "ಗೆರೆ ಮೇ ತಿಂಗಳವರೆಗೆ ತಗ್ಗಿನಲ್ಲೇ ಇದೆ. ಜೂನ್‌ನಲ್ಲಿ ಒಮ್ಮೆಗೇ ಏರುತ್ತದೆ. ಜುಲೈ ಅತಿ ಎತ್ತರ." ಮಳೆಯ ಗ್ರಾಫ್. ಶಾಲೆಯಿಂದ ಗ್ರಾಫ್ ಎಂಬ ಹೆಸರು ಕೇಳಿದ್ದೇನೆ. ಅದು ಮಾಡುವ ಕೆಲಸ ಏನೆಂದು ಗೊತ್ತಾದದ್ದು ಇವತ್ತು, ಮೂವತ್ತೆಂಟನೆಯ ವಯಸ್ಸಿನಲ್ಲಿ.

ಸಂಜೆ ಜಪಮಾಲೆ ಹಿಡಿದು ಮಾಡುವ ತೇರ್ಸ್ ಪ್ರಾರ್ಥನೆಯಲ್ಲಿ ಮಾಷ್ಟ್ರ ಹೆಸರನ್ನೂ ಸೇರಿಸಿದೆ. ಅಮ್ಮ, ನಮ್ಮ ಮಾಂಯ್, ಕೇಳಿದರು — ಯಾರದು, ಹುಷಾರಿಲ್ಲವಾ ಅವರಿಗೆ? ನಗು ಬಂತು.

ಆಗಸ್ಟ್ 5, ಆದಿತ್ಯವಾರ

ಹೋಯಿತು. ಮೂರು ವಾರ ಮಾಡಿದ ಅಸೈನ್‌ಮೆಂಟ್.

ಪುಟದ ಮುಂದಿನ ಭಾಗಕ್ಕೆ ಹಾರಲು ಡಿ ಒತ್ತಿದೆ. ಹಾರಲಿಲ್ಲ. ಮತ್ತೊಮ್ಮೆ ಒತ್ತಿದೆ. ಸದ್ದೇ ಇಲ್ಲ. ನನ್ನ ಸ್ಕ್ರೀನ್ ರೀಡರ್‌ನಲ್ಲಿ ಡಿ ಅಂದರೆ ಹಾರು. ನೋಟ್‌ಬುಕ್‌ನಲ್ಲಿ ಎರಡು ಸಲ ಡಿ ಅಂದರೆ ಆ ಚೌಕವನ್ನೇ ಅಳಿಸು. ನಾನು ಬರೆದದ್ದೆಲ್ಲ ಆ ಒಂದೇ ಚೌಕದಲ್ಲಿತ್ತು. ಹುಡುಕುವ ಗಡಿಬಿಡಿಯಲ್ಲಿ ಪುಟ ಮುಚ್ಚಿ ತೆರೆದೆ. ಅಷ್ಟರಲ್ಲಿ ಅಳಿಸಿದ್ದೇ ಸೇವ್ ಆಗಿತ್ತು.

ಮಾಷ್ಟ್ರಿಗೆ ಫೋನ್ ಮಾಡಿದೆ.

"ಬಿಡಿ ಅಕ್ಕ, ನೀವು ಮಾಡಿದ್ದು ನನಗೆ ಗೊತ್ತುಂಟಲ್ಲ. ಮಾರ್ಕ್ ಹಾಕುವುದು ನಾನೇ. ಪಾಸ್ ಅಂತ ಹಾಕಿಬಿಡ್ತೇನೆ."

"ಮಾಷ್ಟ್ರೇ, ನಾಳೆ ಆಫೀಸಲ್ಲಿ ಯಾರು ಪಾಸ್ ಹಾಕುವುದು ನನಗೆ?"

"ಹಾಗಲ್ಲ ಅಕ್ಕ, ನಿಮ್ಮ ಕಷ್ಟ ನೋಡಿ —"

ಫೋನ್ ಇಟ್ಟೆ. ಇಷ್ಟು ವರ್ಷದಲ್ಲಿ ಮಾತಾಡುತ್ತಿದ್ದವರ ಕರೆ ಕಡಿದದ್ದು ಇದೇ ಮೊದಲು.

ಸೆಪ್ಟೆಂಬರ್ 8, ಶನಿವಾರ. ಮೊಂತಿ ಫೆಸ್ತ್, ತೆನೆ ಹಬ್ಬ

ತಿಂಗಳ ಮೇಲಾಯಿತು ಇಲ್ಲಿ ಬರೆಯದೆ. ಲ್ಯಾಪ್‌ಟಾಪ್ ತೆರೆಯಲೇ ಇಲ್ಲ.

ಇಗರ್ಜಿಯ ಪೂಜೆ ಮುಗಿಸಿ ಬಂದು ಹೊಸ ತೆನೆಯ ಕಾಳು ಹಾಲಿಗೆ ಹಾಕಿ ಕುಡಿದೆವು. ಅಷ್ಟು ಹೊತ್ತಿಗೆ ಅಂಗಳದಲ್ಲಿ ಚಪ್ಪಲಿಯ ಸದ್ದು.

"ಈಶ್ವರಪ್ರಸಾದ, ಅಕ್ಕ. ತಪ್ಪು ನನ್ನದು."

ಮಾಂಯ್ ನನಗಿಂತ ಮೊದಲು ಬಾಗಿಲಿಗೆ ಹೋದರು. "ಊಟ ಮಾಡಿ ಮಾಷ್ಟ್ರೇ. ಹೆದರ್ಬೇಡಿ, ಹಬ್ಬಕ್ಕೆ ನಮ್ಮದೂ ಇವತ್ತು ಬರೀ ತರಕಾರಿ." ಎರಡು ಸಲ ಬಡಿಸಿಕೊಂಡರು.

ಆಮೇಲೆ ಲ್ಯಾಪ್‌ಟಾಪ್‌ನ ಸ್ಕ್ರೀನ್ ಪೂರ್ತಿ ಕಪ್ಪು ಮಾಡಿ ನನ್ನ ಪಕ್ಕ ಕೂತರು. ತಮ್ಮದೇ ಪಾಠವನ್ನು ಕೇಳಿಕೊಂಡೇ ಮಾಡುತ್ತಾರಂತೆ. ಹತ್ತು ನಿಮಿಷವಾದರೂ ಮೂರನೆಯ ಚೌಕ ಸಿಗಲಿಲ್ಲ. ಕೀ ಒತ್ತುವ ಸದ್ದು ಜೋರಾಗುತ್ತಾ ಹೋಯಿತು. ಮತ್ತೆ ಎಲ್ಲ ನಿಂತಿತು.

"ಅಕ್ಕ... ಎರಡು ಸಲ ಡಿ."

"ಹೋಯ್ತಾ?"

"ಹೋಯ್ತು ಮಾರಾಯ್ರೆ."

ಇಬ್ಬರೂ ನಕ್ಕೆವು. ನಿಲ್ಲಿಸಲು ಆಗಲಿಲ್ಲ. ಮಾಂಯ್ ಅಡುಗೆಮನೆಯಿಂದ ಬಂದು ಹೋದರು.

ಐದು ಗಂಟೆಯ ಬಸ್ಸಿನ ತನಕ ಕೂತು ಕೆಲಸ. ಅಳಿಸುವ ಕೀಗಳನ್ನೆಲ್ಲ ತೆಗೆಯುವುದು. ಪ್ರತಿ ಚೌಕಕ್ಕೆ ನಂಬರ್ ಕೊಡುವುದು. ಉತ್ತರ ಶುರುವಾಗುವ ಮೊದಲು "ಉತ್ತರ" ಅಂತ ಹೇಳಿಸುವುದು. ಇದನ್ನೆಲ್ಲ ಮಾಡಲಿಕ್ಕೆ ಯಾರನ್ನು ಕೇಳಬೇಕು ಅಂದೆ. "ಯಾರನ್ನೂ ಬೇಡ. ಓಪನ್ ಸೋರ್ಸ್ ಅಲ್ವಾ, ಬೇಕಾದವರು ಬದಲಿಸಬಹುದು." ಗೊತ್ತಿಲ್ಲದ ಊರಲ್ಲಿ ಕೂತು ಈ ಸಾಫ್ಟ್‌ವೇರ್ ಬರೆದು, ಬೇಕಾದವರು ಬದಲಿಸಿ ಎಂದು ಬಿಟ್ಟುಕೊಟ್ಟವರಿಗೆ ದೇವರು ಒಳ್ಳೆಯದು ಮಾಡಲಿ.

ಅಕ್ಟೋಬರ್ 21, ಆದಿತ್ಯವಾರ

ಆರನೆಯ ಸಲ ತಿದ್ದಿದ ಫೈಲ್ ಬಂತು. ಇಷ್ಟರವರೆಗೆ ಇಪ್ಪತ್ತೊಂದು ತಪ್ಪು ಹೇಳಿದ್ದೇನೆ. ಮಾಷ್ಟ್ರು ಬೇಸರ ಮಾಡಿಕೊಂಡಿಲ್ಲ. ಮಾಡಿಕೊಂಡಿದ್ದರೆ ಸ್ವರದಲ್ಲಿ ನನಗೆ ಗೊತ್ತಾಗುತ್ತಿತ್ತು.

ಒಂದು ಚಿತ್ರಕ್ಕೆ ಬರೆದಿದ್ದರು — "ಚಂದದ ನೀಲಿ ಗೆರೆ."

"ನೀಲಿ ತಗೊಂಡು ನಾನು ಎಂತ ಮಾಡುವುದು ಮಾಷ್ಟ್ರೇ? ಏರ್ತದಾ ಇಳೀತದಾ ಹೇಳಿ."

ಈಗ ಗ್ರಾಫ್‌ನ ಕೆಳಗೆ ಅದೇ ಲೆಕ್ಕ ಕೋಷ್ಟಕದಲ್ಲಿಯೂ ಇದೆ. ಸಾಲು ಸಾಲಾಗಿ ಓದುತ್ತದೆ.

ನವೆಂಬರ್ 25, ಆದಿತ್ಯವಾರ

ಅಸೈನ್‌ಮೆಂಟ್ ಮೊದಲಿನಿಂದ ಮತ್ತೆ ಮಾಡಿದೆ. ಒಬ್ಬಳೇ. ನೋಡಿ ಮಾರ್ಕ್ ಹಾಕಲು ಬೇರೆ ಟೀಚರಿಗೆ ಕೊಡುತ್ತೇನೆ ಅಂತ ಮಾಷ್ಟ್ರೇ ಹೇಳಿದ್ದರು. ಹಾಗೇ ಮಾಡಿದರು. ನೂರಕ್ಕೆ ಅರುವತ್ತೆಂಟು. ಎರಡು ಕಡೆ ತಪ್ಪು ತೋರಿಸಿದ್ದಾರೆ, ಸ್ವಲ್ಪ ಖಾರವಾಗಿಯೇ. ಆ ಟೀಚರಿಗೆ ನಾನು ಯಾರೆಂದು ಗೊತ್ತೇ ಇಲ್ಲ. ಅದಕ್ಕೇ ಎಷ್ಟು ಸಂತೋಷ.

ಡಿಸೆಂಬರ್ 10, ಸೋಮವಾರ

ಭುಜಂಗ ಸರ್ ಸರ್ಟಿಫಿಕೇಟನ್ನು ಗಟ್ಟಿಯಾಗಿ ಓದಿದರು. ಕೊನೆಯ ಸಾಲಿನವರೆಗೆ. "ಜನವರಿಯಿಂದ ಡಾಟಾ ಸೆಕ್ಷನ್‌ಗೆ ಹೋಗಿ." ಅದನ್ನು ನನ್ನ ಕೈಗೆ ಕೊಟ್ಟು, "ಅವತ್ತು ನಾನು ಹಾಗೆ ಕೇಳಬಾರದಿತ್ತು" ಅಂದರು.

ರೈಲಿನಲ್ಲಿ ಯಾರಿಗೂ ಹೇಳಲಿಲ್ಲ. ಮೊದಲು ಮಾಂಯ್‌ಗೆ. ಅವರು ನನ್ನ ಎರಡು ಕೈಯನ್ನೂ ಹಿಡಿದುಕೊಂಡು ಕೂತರು. ಅನ್ನ ತಳ ಹಿಡಿಯಿತು.

2019 ಜನವರಿ 13, ಆದಿತ್ಯವಾರ

ಹೊಸ ಕೆಲಸಕ್ಕೆ ಎರಡು ವಾರ. ನಿಧಾನ. ಆದರೆ ಸಂಜೆ ಸುಸ್ತಾಗಿ ಮನೆಗೆ ಬರುತ್ತೇನೆ. ಈ ಸುಸ್ತು ಇಲ್ಲದೆ ಎಷ್ಟು ಕಾಲವಾಗಿತ್ತು.

ನಮ್ಮ ನೋಟ್‌ಬುಕ್ ಕೋರ್ಸಿನಲ್ಲಿ ಎಲ್ಲರಿಗೂ ಬಂತು. ಕುರುಡರಿಗೆ ಬೇರೆ ಪುಟ ಮಾಡುವ ಅಂತ ಯಾರೋ ಹೇಳಿದರಂತೆ. ಮಾಷ್ಟ್ರು ಒಪ್ಪಲಿಲ್ಲ. ನೆಟ್ ನಿಧಾನವಿದ್ದು ಚಿತ್ರ ತೆರೆಯದ ಮಕ್ಕಳೂ ಈಗ ಕೋಷ್ಟಕವನ್ನೇ ಓದುತ್ತಿದ್ದಾರಂತೆ.

ಜನವರಿ 27, ಆದಿತ್ಯವಾರ. ಬೆಳಿಗ್ಗೆ 10

ನೋಟ್‌ಬುಕ್‌ನ ಮೊದಲಿಗೆ ನನ್ನದೇ ಎರಡು ಸಾಲು ಬೇಕಂತೆ. ಮಾಷ್ಟ್ರು ಇವತ್ತೇ ಕೇಳಿದ್ದಾರೆ.

ಮೊದಲನೆಯದು ಆಯಿತು. "ಎಲ್ಲಿಯಾದರೂ ಓದಲು ಕಷ್ಟವಾದರೆ ತಿಳಿಸಿ, ಬೈದರೂ ಆಗಬಹುದು."

ಎರಡನೆಯದು ಅವರಿಗೆ ಉಪಕಾರ ಹೇಳುವ ಸಾಲು. ನಾಲ್ಕು ಸಲ ಬರೆದು ಅಳಿಸಿದೆ. ದೊಡ್ಡ ದೊಡ್ಡ ಮಾತೇ ಬರುತ್ತದೆ. ಅವರು ಮಾಡಿದ್ದು ಅದಲ್ಲ. ಇಲ್ಲಿ ಬರೆದು ನೋಡುತ್ತೇನೆ, ಸರಿಯಾದರೆ ಅಲ್ಲಿಗೆ ಹಾಕುತ್ತೇನೆ —

ನಾನು ಫೋನ್ ಇಟ್ಟ ಮೇಲೂ ಬಸ್ಸು ಹತ್ತಿ ಮನೆಗೆ ಬಂದು, ಕತ್ತಲೆ ಮಾಡಿಕೊಂಡು ನನ್ನ ಪಕ್ಕ ಕೂತ ಈಶ್ವರಪ್ರಸಾದ ಮಾಷ್ಟ್ರಿಗೆ.