ಗಾರೆಯಿಲ್ಲದ ಗೋಡೆ

ಹಿರಿಸೊಸೆಗೆ ಆಶೀರ್ವಾದ. ಈ ಕಾರ್ಡನ್ನು ನಿನ್ನ ಗಂಡನಿಗೂ ಓದಿ ಹೇಳು, ಅವನಾಗಿ ಓದುವವನಲ್ಲ.

ನಾನು ಯಾತ್ರೆ ಬಂದಿರುವ ಈ ಊರಿನ ದೇವಸ್ಥಾನಕ್ಕೆ ಒಂಬೈನೂರು ವರ್ಷ. ವಾಲಿದ್ದ ಒಂದು ಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಾರೆ. ಅಂದಿನ ಕಲ್ಲುಕುಟಿಗರು ಒಂದು ಕಲ್ಲಿನಲ್ಲಿ ಗೂಟ ಕಡೆದಿದ್ದಾರೆ, ಪಕ್ಕದ ಕಲ್ಲಿನಲ್ಲಿ ಅದು ಕೂರುವ ಕುಳಿ. ನಡುವೆ ಚಿಟಿಕೆ ಗಾರೆಯೂ ಇಲ್ಲ. ಯಾವ ಕಲ್ಲು ಎಲ್ಲಿಗೆಂದು ಒಳಮೈಯಲ್ಲಿ ಗುರುತನ್ನೂ ಕೊರೆದಿದ್ದಾರೆ.

"ಸಿಮೆಂಟ್ ಹಾಕಿದ್ರೆ ಬಿಚ್ಚೋಕೇ ಆಗ್ತಿರಲಿಲ್ಲಮ್ಮ, ಒಡೀಬೇಕಾಗ್ತಿತ್ತು" ಎಂದ ಮೇಸ್ತ್ರಿ.

ವಾಲಿರುವ ನಮ್ಮ ಮನೆತನದ ಕಲ್ಲುಗುಡಿಗೆ ಇಪ್ಪತ್ತನೇ ತಾರೀಖು ಸಿಮೆಂಟ್ ಮೆತ್ತಿಸಬಾರದು. ಒಪ್ಪಿದವಳು ನಾನೇ, ಬೇಡ ಎನ್ನುವವಳೂ ನಾನೇ. ಗುತ್ತಿಗೆದಾರ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಈ ಮೇಸ್ತ್ರಿಯನ್ನೇ ಕರೆದೆ. "ನಿಮ್ಮದು ಪುಟ್ಟ ಗುಡಿಯಲ್ವಾ, ಅಷ್ಟು ದೂರ ಬರ್ಬೇಕಾ?" ಎಂದು ರಾಗ ಎಳೆದ. "ಪುಟ್ಟದಾದ್ರೆ ಬೇಗ ಮುಗಿಸಪ್ಪ" ಎಂದೆ. ಒಪ್ಪಿದ್ದಾನೆ. ಇಪ್ಪತ್ತೆರಡಕ್ಕೆ ಕರೆದುಕೊಂಡು ಬರುತ್ತೇನೆ.

ಮಂಡಿ ನೋವಿದೆ, ಮಾತ್ರೆಯೂ ಇದೆ. ಅಂಚೆಯವನು ಚೀಲ ಕಟ್ಟುತ್ತಿದ್ದಾನೆ, ನಿಲ್ಲಿಸುತ್ತೇನೆ. ನಾನು ಬರುವವರೆಗೆ ಸಿಮೆಂಟ್ ಮೆತ್ತುವ ಕರಣೆ ಹಿಡಿದು ಯಾರೇ ಬರಲಿ, ನಿನ್ನ ಗಂಡನೇ ಕೇಳಲಿ, ಗುಡಿಯ ಬೀಗದ ಕೈ ನಿನ್ನ ಸೊಂಟ ಬಿಟ್ಟು ಇಳಿಯಕೂಡದು.

ನಿನ್ನ ಅತ್ತೆ